ನಳ ಬಂತು, ಬಾವಿಯ ಲೆಕ್ಕವೆಲ್ಲಿ?

ಬರ ಬಿದ್ದಾಗಲೆಲ್ಲ ಸರಕಾರಕ್ಕೆ ನೀರಿನ ನೆನಪಾಗುತ್ತದೆ. 1972ರ ಬರದಲ್ಲಿ ಮಹಾರಾಷ್ಟ್ರದ ತುಂಬ ಬರಗಾಲದ ಕಾಮಗಾರಿ ನಡೆದು ಕೆರೆ, ಒಡ್ಡುಗಳಾದವು. 1987ರಲ್ಲಿ ದೇಶದ ಬಹುಭಾಗ ಬರಕ್ಕೆ ಸಿಕ್ಕಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೊದಲನೆಯ ರಾಷ್ಟ್ರೀಯ ಜಲನೀತಿ ಹೊರಬಿತ್ತು. ಕುಡಿಯುವ ನೀರಿಗೇ ಅಗ್ರಸ್ಥಾನವೆಂದು ಅದರಲ್ಲಿ ಬರೆದರು. ಹಾಗೆ ಬರೆದು ಮೂವತ್ತು ವರ್ಷ ತುಂಬುವ ಹೊತ್ತಿಗೆ, 2016ರ ಏಪ್ರಿಲಿನಲ್ಲಿ, ನಮ್ಮ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಬೇಕಾಯಿತು.

2019ರಲ್ಲಿ ಜಲಜೀವನ ಮಿಷನ್ ಆರಂಭವಾಯಿತು. ಮನೆಮನೆಗೆ ನಳ, ತಲೆಗೆ ದಿನಕ್ಕೆ 55 ಲೀಟರು. ಒಳ್ಳೆಯ ಸಂಕಲ್ಪವೇ, ಕೊಡ ಹೊತ್ತು ಮೈಲುಗಟ್ಟಲೆ ನಡೆದ ತಾಯಂದಿರು ಅದರ ಬೆಲೆ ಬಲ್ಲರು. ಆದರೆ ನಳಗಳನ್ನು ಎಣಿಸುವಷ್ಟು ಆಸ್ಥೆಯಿಂದ, ಆ ನಳಕ್ಕೆ ನೀರು ಕೊಡುವ ಬಾವಿಯ ಮಗ್ಗುಲಲ್ಲಿ ಏನು ಬೆಳೆದಿದೆಯೆಂದು ಯಾರೂ ನೋಡುವುದಿಲ್ಲ.

ರೈತ ಬಾಂಧವರೇ, ಸ್ವಲ್ಪ ಲೆಕ್ಕ ಹಾಕೋಣ. ಎರಡು ಸಾವಿರ ಜನರ ಊರಿಗೆ ಈ 55 ಲೀಟರಿನಂತೆ ವರ್ಷಕ್ಕೆ ಸುಮಾರು 4 ಕೋಟಿ ಲೀಟರು ಬೇಕು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಸುಮಾರು 4,000 ಲೀಟರು. ಕಾಲುವೆಯಲ್ಲಿ ಹಾಯಿಸಿ ಬೆಳೆವ ಕಬ್ಬಿಗೆ ಸುಮಾರು 2,000 ಮಿ.ಮೀ. ಬೇಕು, ಎಕರೆಗೆ 80 ಲಕ್ಷ ಲೀಟರಾಯಿತು. ಊರಿಗೆ ಊರೇ ವರ್ಷವಿಡೀ ಕುಡಿದು, ಅಡಿಗೆ ಮಾಡಿ, ಮಿಂದು ಮುಗಿಸುವ ನೀರು ಐದೇ ಎಕರೆ ಕಬ್ಬಿಗೆ ಸರಿಹೋಯಿತು! ಜತ್ತ ಸೀಮೆಯ ಮಳೆಯೋ 500 ಮಿ.ಮೀ. ಆಸುಪಾಸು. ಮಿಕ್ಕದ್ದು ನೆಲದೊಳಗಿಂದ ಬರಬೇಕು. ಎರೆಹೊಲದ ಬಿಳಿಜೋಳ ಮಾತ್ರ ಮಣ್ಣಿನ ಹಸಿಯಲ್ಲೇ ತೆನೆ ಬಿಡುತ್ತದೆ.

ಕಬ್ಬು ಹಚ್ಚಿದವನನ್ನು ಬೈದು ಫಲವಿಲ್ಲ. ಕಬ್ಬಿಗೆ ಕಾರಖಾನೆಯಿದೆ, ಸರಕಾರ ಗೊತ್ತುಮಾಡಿದ ದರವಿದೆ. ಜೋಳಕ್ಕೂ ಬೆಂಬಲ ಬೆಲೆ ಸಾರುತ್ತಾರೆ. ಆ ಬೆಲೆಗೆ ಕೊಳ್ಳುವವರನ್ನು ಹುಡುಕಬೇಕು. ಒಂದು ಕೈಯಿಂದ ಕಬ್ಬಿಗೆ ಉತ್ತೇಜನ, ಇನ್ನೊಂದು ಕೈಯಿಂದ ಟ್ಯಾಂಕರು: ಇದಕ್ಕೆ ಯೋಜನೆಯೆಂಬ ಹೆಸರು ಹೇಗೆ ಒಪ್ಪೀತು?

ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಾಜಾರವೂ ಮಳೆ ಕಡಿಮೆಯ ಊರೇ. ಪೋಪಟರಾವ ಪವಾರರ ಮುಂದಾಳುತನದಲ್ಲಿ ಅಲ್ಲಿ ಒಡ್ಡು ಹಾಕಿದರು, ಗಿಡ ನೆಟ್ಟರು. ಅದನ್ನು ಬೇರೆ ಊರುಗಳೂ ಮಾಡಿವೆ. ಆ ಊರು ಮಾಡಿದ ದೊಡ್ಡ ಕೆಲಸವೆಂದರೆ, ಬೇಸಾಯಕ್ಕೆ ಕೊಳವೆಬಾವಿ ಕೂಡದು, ಕಬ್ಬು ಕೂಡದು ಎಂದು ಗ್ರಾಮಸಭೆಯಲ್ಲಿ ಗೊತ್ತುಮಾಡಿಕೊಂಡದ್ದು. ಪ್ರತಿವರ್ಷ ಮಳೆ ಅಳೆದು, ಜನಕ್ಕೂ ದನಕ್ಕೂ ಬೇಕಾದದ್ದನ್ನು ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ತಕ್ಕ ಬೆಳೆ ನಿಶ್ಚಯಿಸುತ್ತಾರೆ.

ನಮ್ಮ ಗಡಿಹಳ್ಳಿಗಳಿಗೆ ಇನ್ನೊಂದು ತೊಡಕು. ಮ್ಹೈಸಾಳದ ನೀರಿಗೆ ಒಂದು ಸರಕಾರ, ತುಬಚಿ-ಬಬಲೇಶ್ವರದ ನೀರಿಗೆ ಇನ್ನೊಂದು. ಎರಡು ಬಾಗಿಲಿಗೂ ಅರ್ಜಿ ಹೊತ್ತು ತಿರುಗುತ್ತೇವೆ. ತಿರುಗಲೇಬೇಕು, ಅದು ನಮ್ಮ ಹಕ್ಕು. ಆದರೆ ಕೃಷ್ಣೆಯ ನೀರು ಬಂದ ವರ್ಷವೇ ಕಬ್ಬು ಹಚ್ಚಿಬಿಟ್ಟರೆ ಕಾಲುವೆಯ ಕೊನೆಯ ಹಳ್ಳಿ ಮತ್ತೆ ಟ್ಯಾಂಕರಿನ ದಾರಿ ಕಾಯುತ್ತದೆ. ಕೊನೆಯ ಹಳ್ಳಿ ಯಾವುದೆಂದು ನಾವು ಬಲ್ಲೆವು.

ಹಿಂಗಾರಿ ಬಿತ್ತಿಗೆಗೆ ಮುಂಚೆ ಪ್ರತಿ ಗ್ರಾಮಸಭೆಯೂ ಬಿದ್ದ ಮಳೆ, ಬಾವಿಗಳ ನೀರಿನ ಮಟ್ಟ, ಕುಡಿಯಲು ಎತ್ತಿಟ್ಟ ಪಾಲು ಇಷ್ಟನ್ನೂ ಚಾವಡಿಯ ಗೋಡೆಯ ಮೇಲೆ ಬರೆಸಲಿ. ಹೊಸ ಕೊಳವೆಗೆ ಹಣ ಕೊಡುವ ಮುನ್ನ ಅಧಿಕಾರಿಗಳು ಆ ಗೋಡೆ ನೋಡಲಿ. ಗೋಡೆಯ ಮೇಲಿನ ಬರಹ ಕನ್ನಡದಲ್ಲಿರಲಿ. ಕಚೇರಿಗೆ ಮರಾಠಿ ಪ್ರತಿ ಹೋಗಲಿ.