ಪೆಟ್ಟಿಗೆಯಲ್ಲಿ ರಫ್ತಾಗಬಲ್ಲ ಕಾರು

ಬೆಳಗಾವಿಯ ಶಹಾಪುರದಿಂದ ಖಾನಾಪುರದ ದಿಕ್ಕಿಗೆ ಹೊರಟರೆ ಸ್ವಲ್ಪ ದೂರದಲ್ಲೇ ಉದ್ಯಮಬಾಗ್ ಸಿಗುತ್ತದೆ. ಅಲ್ಲಿನ ಫೌಂಡ್ರಿಗಳಲ್ಲಿ ಎರಕಗೊಂಡು, ಲೇಥ್‌ಗಳಲ್ಲಿ ನಯಗೊಂಡ ಬಿಡಿಭಾಗಗಳು ದೇಶ ವಿದೇಶಗಳ ವಾಹನ, ಪಂಪು, ಟ್ರ್ಯಾಕ್ಟರುಗಳ ಒಡಲು ಸೇರಿವೆ. ಅವುಗಳ ಮೇಲೆ ಬೆಳಗಾವಿಯ ಹೆಸರಿರುವುದಿಲ್ಲ. ಬೆಲೆ ನಿಗದಿಯಾಗುವುದೂ ಬಹುಮಟ್ಟಿಗೆ ತೂಕದ ಲೆಕ್ಕದಲ್ಲಿ. ಕೌಶಲ ನಮ್ಮದು, ಲಾಭದ ದೊಡ್ಡ ಪಾಲು ವಿನ್ಯಾಸದ ಒಡೆತನ ಇರುವವರದು.

ಈ ಸ್ಥಿತಿ ಶಹಾಪುರಕ್ಕೆ ಹೊಸದಲ್ಲ. 1948ರವರೆಗೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಈ ಪೇಟೆ ಸೀರೆಗಳಿಗೆ ಹೆಸರಾಗಿತ್ತು. ಮಗ್ಗ ಬಲ್ಲವರು ಇದ್ದಂತೆಯೇ ಮಾರುಕಟ್ಟೆ ಬೇರೆ ಕಡೆಗೆ ಸರಿದುಹೋಯಿತು. ಈಗ ಎರಕದ ಸರದಿ ಬಂದಿದೆಯೇ ಎಂಬ ಆತಂಕ ನನ್ನದು. ವಿದ್ಯುತ್ ಕಾರಿಗೆ ಸಿಲಿಂಡರ್ ಬ್ಲಾಕ್ ಬೇಕಿಲ್ಲ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇಕಿಲ್ಲ, ಕ್ಲಚ್ಚಿನ ಫ್ಲೈವೀಲ್ ಬೇಕಿಲ್ಲ. ಇವುಗಳನ್ನೇ ನಂಬಿದ ಕಾರ್ಖಾನೆಗಳು ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಏನನ್ನು ಎರಕ ಹೊಯ್ಯಬೇಕು? ಈ ಪ್ರಶ್ನೆಗೆ ಇರಬಹುದಾದ ಹಲವು ಉತ್ತರಗಳಲ್ಲಿ ಒಂದನ್ನು, ನಮ್ಮಲ್ಲಿ ಯಾರೂ ಗಂಭೀರವಾಗಿ ಪರಿಗಣಿಸದ ಒಂದನ್ನು, ಇಲ್ಲಿ ಚರ್ಚಿಸುತ್ತೇನೆ. ಅದು ಕಿಟ್ ಕಾರು.

ಕಿಟ್ ಕಾರೆಂದರೆ ಚಾಸಿ, ದೇಹ, ಸಸ್ಪೆನ್ಷನ್ನಿನ ಭಾಗಗಳನ್ನು ಪೆಟ್ಟಿಗೆಯಲ್ಲಿ ಕೊಂಡು, ಎಂಜಿನ್ನನ್ನು ಹಳೆಯ ಕಾರಿನಿಂದ ಕಳಚಿ ತಂದು, ಗ್ರಾಹಕನೇ ತನ್ನ ಶೆಡ್ಡಿನಲ್ಲಿ ಜೋಡಿಸಿಕೊಳ್ಳುವ ವಾಹನ. ಇದರ ತವರು ಬ್ರಿಟನ್. ಅಲ್ಲಿ ಇದು ಬೆಳೆದದ್ದು ಹವ್ಯಾಸದಿಂದ ಎಂದು ಹೇಳುವುದುಂಟು. ನನ್ನ ದೃಷ್ಟಿಯಲ್ಲಿ ತೆರಿಗೆಯ ಪಾಲೂ ಅಷ್ಟೇ ದೊಡ್ಡದು. ಯುದ್ಧಾನಂತರದ ದಶಕಗಳಲ್ಲಿ ಪೂರ್ಣಗೊಂಡ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಟ್ಟಿಗೆ ಇರಲಿಲ್ಲ. ಜೋಡಿಸುವ ಕ್ರಮವನ್ನು ಕೊಡುವಂತಿಲ್ಲ ಎಂಬ ನಿಯಮವನ್ನು ದಾಟಲು ಲೋಟಸ್ ಕಂಪನಿ ‘ಕಳಚುವ ಕ್ರಮ’ವನ್ನು ಮುದ್ರಿಸಿ ಕೊಡುತ್ತಿತ್ತು, ಗ್ರಾಹಕ ಅದನ್ನು ಹಿಂದಿನಿಂದ ಓದಿಕೊಳ್ಳುತ್ತಿದ್ದ ಎಂಬ ಕಥೆ ಪ್ರಚಲಿತವಾಗಿದೆ. ತೆರಿಗೆ ಅಧಿಕಾರಿ ಎಲ್ಲೇ ಇರಲಿ, ಅವನಿಗಿಂತ ಒಂದು ಹೆಜ್ಜೆ ಮುಂದೆ ವ್ಯಾಪಾರಿ ಇದ್ದೇ ಇರುತ್ತಾನೆ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಈ ಅನುಕೂಲ ಹೋಯಿತು. ಅದೇ ವರ್ಷ ಲೋಟಸ್ ಸೆವೆನ್ ಮಾದರಿಯ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ತೆರಿಗೆಯ ಲಾಭ ಮುಗಿದರೂ ಆ ಕಾರು ಇಂದಿಗೂ ತಯಾರಾಗುತ್ತಿದೆ ಎಂಬುದು ಗಮನಿಸಬೇಕಾದ ಸಂಗತಿ.

ಪೆಟ್ಟಿಗೆಯ ಕಾರು ನಮಗೂ ಅಪರಿಚಿತವಲ್ಲ. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿತು. ಇಲ್ಲಿಯೇ ಉತ್ಪಾದಿಸುವ ಯೋಜನೆ ಇಲ್ಲದವರು ಜಾಗ ಖಾಲಿ ಮಾಡಬೇಕೆಂಬ ನೀತಿ 1953ರಲ್ಲಿ ಸುಂಕ ಆಯೋಗದ ಶಿಫಾರಸಿನಿಂದ ಬಂದಾಗ ಆ ಕಂಪನಿಯೂ ಫೋರ್ಡ್ ಕಂಪನಿಯೂ ಹೊರಟುಹೋದವು. ಮುಂದೆ ಕರ್ನಾಟಕದಲ್ಲೇ ಸಣ್ಣ ಪ್ರಮಾಣದ ಸಾಹಸಗಳು ನಡೆದವು. ಬೆಂಗಳೂರಿನ ಸಿಪಾನಿ ಸಂಸ್ಥೆ ಬ್ರಿಟನ್ನಿನ ರಿಲಯಂಟ್ ಕಾರಿನ ಆಧಾರದ ಮೇಲೆ ಫೈಬರ್‌ಗ್ಲಾಸ್ ದೇಹದ ಡಾಲ್ಫಿನ್ ತಯಾರಿಸಿತು. 1983ರ ಕೊನೆಯಲ್ಲಿ ಬಂದ ಮಾರುತಿ 800ರ ಮುಂದೆ ಅದು ನಿಲ್ಲಲಿಲ್ಲ. ಸ್ಯಾನ್ ಸಂಸ್ಥೆಯ ಎರಡು ಆಸನದ ಸ್ಟಾರ್ಮ್ ಫ್ರೆಂಚ್ ವಿನ್ಯಾಸದೊಡನೆ ಬಂದು, ಬೆರಳೆಣಿಕೆಯ ಅಭಿಮಾನಿಗಳನ್ನು ಗಳಿಸಿ ಮರೆಯಾಯಿತು.

ರಫ್ತಿನ ದೃಷ್ಟಿಯಿಂದ ಹೆಚ್ಚು ಬೋಧಪ್ರದವಾದದ್ದು ರೇವಾ. ಮೈನಿ ಸಮೂಹ ಅಮೆರಿಕದ ಪಾಲುದಾರರೊಂದಿಗೆ 1994ರಲ್ಲಿ ಆರಂಭಿಸಿ 2001ರಲ್ಲಿ ಮಾರುಕಟ್ಟೆಗೆ ತಂದ ಈ ವಿದ್ಯುತ್ ವಾಹನ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ನಗರದ ದಟ್ಟಣೆ ಶುಲ್ಕದಿಂದ ಅದಕ್ಕೆ ವಿನಾಯಿತಿಯೂ ಇತ್ತು. ಯುರೋಪಿನ ನಿಯಮದಲ್ಲಿ ಅದು ಕಾರಲ್ಲ, ‘ಕ್ವಾಡ್ರಿಸೈಕಲ್’; ಆದ್ದರಿಂದ ಕಾರಿನ ಡಿಕ್ಕಿ ಪರೀಕ್ಷೆಗಳು ಅದಕ್ಕೆ ಅನ್ವಯಿಸುತ್ತಿರಲಿಲ್ಲ. 2007ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ತಾನೇ ಡಿಕ್ಕಿ ಪರೀಕ್ಷೆ ಮಾಡಿಸಿ ಫಲಿತಾಂಶ ಪ್ರಕಟಿಸಿದಾಗ ಹೆಸರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. 2010ರಲ್ಲಿ ಸಂಸ್ಥೆ ಮಹೀಂದ್ರ ಪಾಲಾಯಿತು. ಕಾನೂನಿನ ಸಂದಿಯಲ್ಲಿ ನುಸುಳಿ ಮಾರುಕಟ್ಟೆ ಪ್ರವೇಶಿಸಬಹುದು, ನೆಲೆಯೂರಲು ಅಷ್ಟು ಸಾಲದು.

ಮಹೀಂದ್ರಕ್ಕೂ ಇನ್ನೊಂದು ಪಾಠ ಕಾದಿತ್ತು. ಭಾರತದಿಂದ ಬಿಡಿಭಾಗಗಳ ಕಿಟ್ಟಾಗಿ ಕಳುಹಿಸಿ ಡೆಟ್ರಾಯಿಟ್ ಬಳಿ ಜೋಡಿಸುತ್ತಿದ್ದ ರಾಕ್ಸರ್ ಎಂಬ ಕಚ್ಚಾರಸ್ತೆಯ ವಾಹನ 2018ರಲ್ಲಿ ಬಂದ ಕೂಡಲೇ, ಅದರ ರೂಪ ಜೀಪನ್ನು ಹೋಲುತ್ತದೆಂದು ಫಿಯಟ್ ಕ್ರೈಸ್ಲರ್ ತಕರಾರು ಹೂಡಿತು. 2020ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅದರ ಮಾರಾಟ ತಡೆಯಿತು. ಮುಖವನ್ನು ಬದಲಿಸಿದ ಮೇಲಷ್ಟೇ ಅನುಮತಿ ದೊರೆಯಿತು. ದೊಡ್ಡ ಮನೆತನಕ್ಕೆ ಈ ವ್ಯಾಜ್ಯದ ಖರ್ಚು ತಡೆದುಕೊಳ್ಳುವ ಶಕ್ತಿಯಿತ್ತು. ಉದ್ಯಮಬಾಗ್‌ನ ಒಬ್ಬ ಉದ್ಯಮಿ ಒಂದೇ ನೋಟಿಸಿಗೆ ಮನೆ ಮಾರಬೇಕಾದೀತು. ಹಳೆಯ ಪ್ರಸಿದ್ಧ ಕಾರಿನ ನಕಲು ಮಾಡಿ ಕಳುಹಿಸೋಣ ಎನ್ನುವ ಉತ್ಸಾಹಿಗಳು ಇದನ್ನು ನೆನಪಿಡಬೇಕು.

ಸುಂಕದ ಲೆಕ್ಕವೂ ಮುಖ್ಯ. ಬಹುತೇಕ ದೇಶಗಳು ಅನುಸರಿಸುವ ಏಕರೂಪದ ಸುಂಕ ವರ್ಗೀಕರಣದಲ್ಲಿ ಒಂದು ನಿಯಮವಿದೆ: ಪೂರ್ಣ ವಸ್ತುವಿನ ಮೂಲ ಲಕ್ಷಣವಿದ್ದರೆ, ಕಳಚಿದ ರೂಪದಲ್ಲಿ ಬಂದರೂ ಅದು ಪೂರ್ಣ ವಸ್ತುವೇ. ಅಂದರೆ ಎಂಜಿನ್ ಸಹಿತ ಎಲ್ಲವನ್ನೂ ಒಂದೇ ಕಂಟೇನರಿನಲ್ಲಿ ತುಂಬಿ ‘ಕಿಟ್’ ಎಂದರೆ ಸುಂಕದವರ ಕಣ್ಣಿಗೆ ಅದು ಕಾರೇ. ಇಡೀ ಕಾರು ಮಾರುವ ಹಂಬಲ ಬಿಟ್ಟು, ಅಲ್ಲಿನ ಸಣ್ಣ ಕಿಟ್ ತಯಾರಕರಿಗೆ ಹಬ್, ಅಪ್‌ರೈಟ್, ಬ್ರೇಕ್ ಭಾಗ, ಬೆಸುಗೆ ಹಾಕಿದ ಕೊಳವೆಯ ಚಾಸಿಗಳನ್ನು ಒಂದು ಗುಚ್ಛವಾಗಿ ಪೂರೈಸುವುದೇ ಜಾಣತನವೆಂದು ನನಗೆ ತೋರುತ್ತದೆ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಗಳಲ್ಲಿ ನಮ್ಮಂತೆಯೇ ಬಲಗಡೆಯ ಸ್ಟಿಯರಿಂಗ್. ನೂರು, ಇನ್ನೂರು ಸಂಖ್ಯೆಯ ಆದೇಶವನ್ನು ದೊಡ್ಡ ಕಾರ್ಖಾನೆ ಮುಟ್ಟುವುದಿಲ್ಲ. ಪ್ಯಾಟರ್ನನ್ನು ಬದಲಿಸಿ ಸಣ್ಣ ತಂಡವನ್ನು ಎರಕ ಹೊಯ್ಯುವುದು ನಮ್ಮ ಸಣ್ಣ ಫೌಂಡ್ರಿಗಳಿಗೆ ರೂಢಿ. ಗುಣಮಟ್ಟ ನಮ್ಮಿಂದ ಆಗದ ಮಾತೆನ್ನುವವರು ಹತ್ತರಗಿಯ ವಿಶೇಷ ಆರ್ಥಿಕ ವಲಯವನ್ನು ನೋಡಿ ಬರಲಿ. ಅಲ್ಲಿಂದ ಏರ್‌ಬಸ್ ವಿಮಾನಗಳಿಗೆ ಬಿಡಿಭಾಗಗಳು ಹೋಗುತ್ತಿವೆ.

ತೊಡಕಿರುವುದು ಮನೆಯೊಳಗೆ. ಬ್ರಿಟನ್ನಿನಲ್ಲಿ 2009ರಿಂದ ಒಂದೊಂದೇ ವಾಹನವನ್ನು ಪರೀಕ್ಷಿಸಿ ರಸ್ತೆಗೆ ಬಿಡುವ ವ್ಯವಸ್ಥೆಯಿದೆ. ಅಮೆರಿಕ 2015ರ ಕಾಯ್ದೆಯಲ್ಲಿ ಹಳೆಯ ಮಾದರಿಗಳ ಪ್ರತಿರೂಪಗಳನ್ನು ವರ್ಷಕ್ಕೆ 325ರ ಮಿತಿಯಲ್ಲಿ ಮಾರಲು ಅವಕಾಶ ಕೊಟ್ಟಿತು. ನಮ್ಮ ಮೋಟಾರು ವಾಹನ ಕಾಯ್ದೆ, 1988ರಲ್ಲಿ ಇಂಥ ವರ್ಗವೇ ಇಲ್ಲ. 52ನೇ ಕಲಮು ತಯಾರಕರ ಮೂಲ ವಿವರಗಳನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ರಸ್ತೆ ಸುರಕ್ಷತೆಯ ದೃಷ್ಟಿಯಿಂದ ತೀರ್ಪು ಸರಿಯೇ. ಆದರೆ ಬಾಹಾ ಸ್ಪರ್ಧೆಗಾಗಿ ಕೊಳವೆ ಬೆಸೆದು ವಾಹನ ಕಟ್ಟುವ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಸ್ಪರ್ಧೆ ಮುಗಿದ ಮೇಲೆ ಆ ವಿದ್ಯೆಯನ್ನು ವೃತ್ತಿಯಾಗಿಸುವ ಕಾನೂನುಬದ್ಧ ದಾರಿ ಕಾಣುವುದಿಲ್ಲ. ಅವನು ಪುಣೆಯ ರೈಲು ಹತ್ತುತ್ತಾನೆ.

ಸರ್ಕಾರಿ ಸೇವೆಯಲ್ಲಿ ಹಲವು ವರ್ಷ ಕೈಗಾರಿಕೆಗಳ ಕಡತ ನೋಡಿದವನಾಗಿ ಹೇಳುತ್ತೇನೆ: ಇದಕ್ಕೆ ಸಹಾಯಧನ ಬೇಡ. ಸಹಾಯಧನ ಬಂದ ಕೂಡಲೇ ಕಾರು ಕಟ್ಟಲು ಬಾರದವರೇ ಮೊದಲು ಅರ್ಜಿ ಹಾಕುತ್ತಾರೆ. ಬೇಕಿರುವುದು ಬೆಸುಗೆ ಮತ್ತು ಎರಕದ ಬಲವನ್ನು ಪ್ರಮಾಣೀಕರಿಸುವ, ವಿದೇಶಿ ಗ್ರಾಹಕ ಒಪ್ಪುವ ಒಂದು ಸಾಮೂಹಿಕ ಪರೀಕ್ಷಾ ಕೇಂದ್ರ; ರಫ್ತಾದ ಭಾಗ ಮುರಿದು ಅಪಘಾತವಾದರೆ ಎದುರಾಗುವ ಹೊಣೆಗೆ ಸಣ್ಣ ಉದ್ಯಮಿಗಳು ಕೂಡಿ ಪಡೆಯಬಹುದಾದ ವಿಮೆ; ಸೀಮಿತ ಸಂಖ್ಯೆಯ ವಾಹನಗಳಿಗೆ ಕಾಯ್ದೆಯಲ್ಲಿ ಒಂದು ಪ್ರತ್ಯೇಕ ವರ್ಗ. ಕೊನೆಯದು ದೆಹಲಿಯ ಕೆಲಸ, ನಿಧಾನವಾದೀತು. ಮೊದಲೆರಡಕ್ಕೆ ದೆಹಲಿಯನ್ನು ಕಾಯಬೇಕಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮಚ್ಛೆ ಆವರಣ ಮತ್ತು ಉದ್ಯಮಬಾಗ್ ಒಂದೇ ಖಾನಾಪುರ ರಸ್ತೆಯಲ್ಲಿವೆ. ಇಬ್ಬರೂ ಸೇರಿ ಒಂದೇ ಒಂದು ಚಾಸಿ ಕಟ್ಟಿ, ಬ್ರಿಟನ್ನಿನ ತಯಾರಕನೊಬ್ಬನ ಮೂಲಕ ಅಲ್ಲಿನ ಪರೀಕ್ಷೆಗೆ ಒಡ್ಡಲಿ. ಹೂಡಿಕೆದಾರರ ಸಮಾವೇಶವೊಂದರ ವೇದಿಕೆಗೆ ನಾವು ಸುರಿಯುವ ಹಣದ ಎದುರು ಅದರ ಖರ್ಚು ತೀರಾ ಅಲ್ಪ.