ಹಳೆಯ ಫೈಬರ್ ದೋಣಿಯ ಜೀರ್ಣೋದ್ಧಾರ: ಅಗ್ಗದ ಲೆಕ್ಕ ಮತ್ತು ನಮ್ಮ ಉದ್ದಿಮೆದಾರರ ಹೊಣೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರವು ಕಡಲ ತೀರದಲ್ಲಿಲ್ಲದಿದ್ದರೂ ಮೋಟಾರು ದೋಣಿಯ ವಿಷಯವು ನಮ್ಮ ವ್ಯಾಪಾರಿ ಬಾಂಧವರಿಗೆ ತೀರ ಹೊರಗಿನದಲ್ಲ. ಉಣಕಲ್ ಕೆರೆಯ ದೋಣಿವಿಹಾರವನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಪಶ್ಚಿಮಕ್ಕೆ ಕಾಳಿ ನದಿಯ ಸೂಪಾ ಹಿನ್ನೀರು ಮತ್ತು ದಾಂಡೇಲಿ, ಉತ್ತರಕ್ಕೆ ಮಲಪ್ರಭೆಯ ನವಿಲುತೀರ್ಥ ಮತ್ತು ಕೃಷ್ಣೆಯ ಆಲಮಟ್ಟಿ, ಪೂರ್ವಕ್ಕೆ ತುಂಗಭದ್ರಾ ಜಲಾಶಯ, ಘಟ್ಟದ ಕೆಳಗೆ ಅಂಕೋಲಾ ಮತ್ತು ಕಾರವಾರ, ಇವೆಲ್ಲವೂ ನಮ್ಮ ಲಾರಿಗಳು ದಿನನಿತ್ಯ ಸಂಚರಿಸುವ ಮಾರ್ಗಗಳಲ್ಲಿಯೇ ಇವೆ. ಪ್ರವಾಸೋದ್ಯಮ, ಮೀನುಗಾರಿಕೆ, ನೆರೆ ಪರಿಹಾರ ಮೊದಲಾದ ಕಾರ್ಯಗಳಿಗೆ ಈ ಪ್ರದೇಶದಲ್ಲಿ ದೋಣಿಗಳ ಅಗತ್ಯವಿದೆ.

ಹೊಸ ದೋಣಿಯ ಬೆಲೆ ಸಣ್ಣ ಬಂಡವಾಳದವರ ಕೈಗೆ ಎಟುಕುವಂಥದಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಪರಿಷ್ಕೃತ ಜಿಎಸ್‌ಟಿ ದರಗಳಲ್ಲಿ ವಿಹಾರ ಹಾಗೂ ಕ್ರೀಡೆಗೆ ಬಳಸುವ ನೌಕೆಗಳನ್ನು ಶೇಕಡಾ 40ರ ವರ್ಗಕ್ಕೆ ಸೇರಿಸಲಾಗಿದೆ. ಹೀಗಾಗಿ ರೆಸಾರ್ಟ್ ನಡೆಸುವವರ ಮತ್ತು ಕೆರೆ ಗುತ್ತಿಗೆದಾರರ ದೃಷ್ಟಿ ಹಳೆಯ ಫೈಬರ್ ದೋಣಿಗಳತ್ತ ಹೊರಳುವುದು ಸಹಜ. ಅಂಥ ದೋಣಿಯನ್ನು ಮಿತವ್ಯಯದಲ್ಲಿ ಪುನಃ ನೀರಿಗಿಳಿಸುವುದು ಸಾಧ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಿತವ್ಯಯವು ಕೊಳ್ಳುವ ಬೆಲೆಯಲ್ಲಿ ನಿರ್ಧಾರವಾಗುವುದಿಲ್ಲ, ಅಂದಾಜುಪಟ್ಟಿಯ ಶಿಸ್ತಿನಲ್ಲಿ ನಿರ್ಧಾರವಾಗುತ್ತದೆ. ಈ ಶಿಸ್ತನ್ನು ರೂಢಿಸಿಕೊಂಡರೆ ನಮ್ಮ ಕೈಗಾರಿಕಾ ವಸಾಹತುಗಳ ಫೈಬರ್ ಘಟಕಗಳಿಗೂ ಇದೊಂದು ಉಪಯುಕ್ತ ಕಾಯಕವಾಗಬಲ್ಲದು ಎಂಬುದು ಈ ಲೇಖನದ ಆಶಯ.

ಕೊಳ್ಳುವ ಮುನ್ನ

ಹಳೆಯ ಲೋಹದ ಯಂತ್ರವನ್ನು ಕೊಳ್ಳುವಾಗ ನಮ್ಮ ವ್ಯಾಪಾರಿಗಳು ಮನಸ್ಸಿನಲ್ಲಿ ಒಂದು ತಳಬೆಲೆಯನ್ನು ಇಟ್ಟುಕೊಂಡಿರುತ್ತಾರೆ. ಕೆಟ್ಟರೂ ಗುಜರಿಯಲ್ಲಿ ತೂಕಕ್ಕೆ ಇಷ್ಟು ಬರುತ್ತದೆ ಎಂಬುದೇ ಆ ತಳಬೆಲೆ. ಫೈಬರ್ ದೋಣಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಗಾಜಿನ ನಾರು ಮತ್ತು ರೆಸಿನ್ ಒಮ್ಮೆ ಗಟ್ಟಿಯಾದ ಮೇಲೆ ಅದನ್ನು ಕಬ್ಬಿಣದಂತೆ ಕರಗಿಸಲು ಬರುವುದಿಲ್ಲ. ಒಡೆದ ದೋಣಿಯನ್ನು ಗುಜರಿಯವರು ಕೊಳ್ಳುವುದಿಲ್ಲ, ಅದನ್ನು ವಿಲೇವಾರಿ ಮಾಡಲು ನಾವೇ ಹಣ ತೆರಬೇಕಾದೀತು. ಆದ್ದರಿಂದ ಚೌಕಾಶಿಗೆ ಕುಳಿತಾಗ ದೋಣಿಯ ಒಡಲಿಗೆ ಸೊನ್ನೆ ಬೆಲೆ ಕಟ್ಟಿ, ಎಂಜಿನ್ ಮತ್ತು ಟ್ರೇಲರಿನ ಇಂದಿನ ಮೌಲ್ಯವನ್ನಷ್ಟೇ ಗಣನೆಗೆ ತೆಗೆದುಕೊಳ್ಳುವುದು ವಿವೇಕ. ಇಲ್ಲವಾದರೆ ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡಂತಾದೀತು.

ಗಾಜಿನ ನಾರು ತುಕ್ಕು ಹಿಡಿಯುವುದಿಲ್ಲ, ಕೊಳೆಯುವುದೂ ಇಲ್ಲ. ಕೊಳೆಯುವುದು ಅದರೊಳಗೆ ಹುದುಗಿರುವ ಮರ. ಅನೇಕ ಹಳೆಯ ದೋಣಿಗಳಲ್ಲಿ ಎಂಜಿನ್ನನ್ನು ತೂಗುಹಾಕುವ ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಮ್, ಮತ್ತು ತಳದ ಉದ್ದನೆಯ ತೊಲೆಗಳು ಪ್ಲೈವುಡ್ಡಿನ ಅಥವಾ ಮರದ ಮೇಲೆ ಫೈಬರ್ ಹೊದಿಸಿ ಮಾಡಿದವು. ಹಳೆಯ ಬೋಲ್ಟು, ಸ್ಕ್ರೂಗಳ ತೂತಿನಿಂದ ಇಳಿದ ನೀರು ವರ್ಷಗಟ್ಟಲೆ ಒಳಗೇ ನಿಂತು ಮರವನ್ನು ಮಣ್ಣಾಗಿಸುತ್ತದೆ. ಹೊರಗಿನ ಹೊಳಪು ಮಾತ್ರ ಹಾಗೆಯೇ ಉಳಿದಿರುತ್ತದೆ.

ಇದನ್ನು ಪರೀಕ್ಷಿಸಲು ದುಬಾರಿ ಉಪಕರಣಗಳು ಬೇಕಾಗಿಲ್ಲ. ಮರದ ಸುತ್ತಿಗೆಯಿಂದ ಒಡಲನ್ನೆಲ್ಲ ಮೆಲ್ಲಗೆ ತಟ್ಟುತ್ತ ಹೋಗಬೇಕು. ಗಟ್ಟಿಯಾದ ಕಡೆ ಖಣಿ ಎನ್ನುವ ಸದ್ದು, ಪದರ ಬಿಟ್ಟ ಕಡೆ ಅಥವಾ ಮರ ಕೊಳೆತ ಕಡೆ ಮಂದವಾದ ಸದ್ದು ಬರುತ್ತದೆ. ಎಂಜಿನ್ನಿನ ಕೆಳಗಾಲನ್ನು ಹಿಡಿದು ಅಲುಗಾಡಿಸಿದಾಗ ಟ್ರಾನ್ಸಮ್ ಬಾಗಿದರೆ ಒಳಗಿನ ಹಲಗೆ ಹೋಗಿದೆಯೆಂದೇ ತಿಳಿಯಬೇಕು. ಮಾಲೀಕರ ಒಪ್ಪಿಗೆ ಪಡೆದು ಒಳಬದಿಯಿಂದ ಸಣ್ಣ ತೂತು ಕೊರೆದರೆ ಹೊರಬರುವ ಪುಡಿಯೇ ಸಾಕ್ಷಿ. ಒಣಗಿದ ತಿಳಿ ಬಣ್ಣದ ಹೊಟ್ಟು ಬಂದರೆ ನೆಮ್ಮದಿ, ಕಂದು ಬಣ್ಣದ ಹಸಿ ಹಿಟ್ಟು ಬಂದರೆ ದೊಡ್ಡ ಖರ್ಚು. ದೋಣಿಯ ತಳದಲ್ಲಿ ತುಂಬಿದ ತೇಲುವ ಫೋಮ್ ನೀರು ಕುಡಿದಿದೆಯೇ ಎಂಬುದನ್ನು ಅರಿಯಲು ನಮ್ಮ ವ್ಯಾಪಾರಿಗಳಿಗೆ ಚಿರಪರಿಚಿತವಾದ ವೇಬ್ರಿಜ್ ಸಾಕು. ಟ್ರೇಲರ್ ಸಹಿತ ಮತ್ತು ಟ್ರೇಲರ್ ರಹಿತ ತೂಕ ಹಿಡಿದು, ಎಂಜಿನ್ನಿನ ತೂಕ ಕಳೆದು, ತಯಾರಕರು ನಮೂದಿಸಿದ ತೂಕದೊಂದಿಗೆ ಹೋಲಿಸಿದರೆ ಒಳಗಿನ ನೀರಿನ ಲೆಕ್ಕ ಸಿಗುತ್ತದೆ.

ಎಂಜಿನ್ನಿನ ವಿಷಯದಲ್ಲಿ ಎಲ್ಲ ಸಿಲಿಂಡರುಗಳ ಕಂಪ್ರೆಷನ್ ಅಳೆಯಬೇಕು. ಅವುಗಳ ನಡುವೆ ಹೆಚ್ಚಿನ ವ್ಯತ್ಯಾಸ ಕಂಡರೆ ಬೆಲೆ ಇಳಿಸಬೇಕು ಇಲ್ಲವೆ ಹಿಂದಿರುಗಬೇಕು. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲು ಕೆಟ್ಟು ನೀರು ಸೇರಿದೆಯೆಂದು ಅರ್ಥ.

ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಆಸನದ ಕುಶನ್, ಗಾಳಿತಡೆ, ಕೈಪಿಡಿಗಳ ಹೊಳಪು, ಮೇಲ್ಗಡೆಯ ಬಣ್ಣ ಇವುಗಳಲ್ಲಿ ಧಾರಾಳವಾಗಿ ಉಳಿತಾಯ ಮಾಡಬಹುದು. ಅವುಗಳನ್ನು ಮುಂದಿನ ವರ್ಷದ ಗಳಿಕೆಯಿಂದ ಮಾಡಿಸಿದರೂ ನಷ್ಟವಿಲ್ಲ. ನೀರಿನ ಮಟ್ಟದ ಕೆಳಗಿನ ಭಾಗ, ಟ್ರಾನ್ಸಮ್, ತಳದ ತೊಲೆಗಳು, ಇಂಧನದ ಕೊಳವೆ, ವಿದ್ಯುತ್ ತಂತಿ, ನೀರು ಹೊರಹಾಕುವ ಪಂಪು ಇವುಗಳಲ್ಲಿ ಒಂದು ರೂಪಾಯಿಯ ಉಳಿತಾಯವೂ ಸಲ್ಲದು.

ಟ್ರಾನ್ಸಮ್ ಹೊಸದಾಗಿ ಕಟ್ಟುವಾಗ ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ಡನ್ನೇ ಬಳಸಬೇಕು. ಮನೆಯ ಪೀಠೋಪಕರಣಗಳಿಗೆ ಕೊಳ್ಳುವ ಐಎಸ್ 303 ಪ್ಲೈವುಡ್ ಇಲ್ಲಿ ಒಗ್ಗದು. ನೀರಿನೊಳಗಿನ ದುರಸ್ತಿಗೆ ಸಾಮಾನ್ಯ ದರ್ಜೆಯ ಪಾಲಿಯೆಸ್ಟರ್ ರೆಸಿನ್‌ಗಿಂತ ಐಸೊಫ್ತಾಲಿಕ್ ದರ್ಜೆ ಉತ್ತಮ. ಹಳೆಯ ಪದರಕ್ಕೆ ಹೊಸ ಪದರ ಭದ್ರವಾಗಿ ಕಚ್ಚಬೇಕಾದ ಸ್ಥಳದಲ್ಲಿ ಎಪಾಕ್ಸಿ ಇನ್ನೂ ಶ್ರೇಷ್ಠ. ಆದರೆ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲವಾದ ಕಾರಣ ಅಲ್ಲಿ ಸೂಕ್ತ ಬಣ್ಣವನ್ನೇ ಬಳಿಯಬೇಕು.

ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿಯುವುದು ದುರಸ್ತಿಯಲ್ಲ. ಒಡೆದ ಭಾಗದ ಅಂಚನ್ನು ಗ್ರೈಂಡರಿನಿಂದ ಇಳಿಜಾರಾಗಿ ತೆಗೆಯಬೇಕು. ಪದರದ ದಪ್ಪದ ಹನ್ನೆರಡು ಪಟ್ಟು ಅಗಲದ ಇಳಿಜಾರು ಬೇಕೆಂಬುದು ರೂಢಿಯ ನಿಯಮ. 5 ಮಿಲಿಮೀಟರ್ ದಪ್ಪದ ಒಡಲಿಗೆ ಸುತ್ತಲೂ 60 ಮಿಲಿಮೀಟರ್ ಇಳಿಜಾರು ಎಂದಾಯಿತು. ಆ ಮೇಲೆ ಮ್ಯಾಟನ್ನು ಪದರ ಪದರವಾಗಿ ಕೂಡಿಸಿ, ರೋಲರಿನಿಂದ ಗಾಳಿಗುಳ್ಳೆ ತೆಗೆಯಬೇಕು. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು. ಹೆಚ್ಚು ಸುರಿದರೆ ಗಟ್ಟಿಯಾಗುವುದಿಲ್ಲ, ಪೆಡಸಾಗಿ ಸೀಳುತ್ತದೆ, ಖರ್ಚೂ ಹೆಚ್ಚುತ್ತದೆ.

ಕೆಲಸದ ಕಾಲ ಮತ್ತು ಕಾರ್ಮಿಕರ ಸುರಕ್ಷತೆ

ತೇವವು ರೆಸಿನ್ನಿನ ಶತ್ರು. ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ದೋಣಿಗಳು ದಡ ಸೇರುವುದು ಮಳೆಗಾಲದಲ್ಲಿಯೇ. ಅಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ನಮ್ಮಲ್ಲಿ ಬೀಳುವುದು ಅದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಲಾರಿಯಲ್ಲಿ ಬರಬಹುದಾದ ಸಣ್ಣ ದೋಣಿಗಳಿಗೆ ನಮ್ಮ ಊರಿನ ಮುಚ್ಚಿದ ಶೆಡ್ ಒಂದು ಅನುಕೂಲವೇ ಸರಿ. ಒಳನಾಡಿನ ಜಲಾಶಯಗಳ ದೋಣಿಗಳಿಗಂತೂ ಫೆಬ್ರುವರಿಯಿಂದ ಮೇ ತಿಂಗಳವರೆಗಿನ ಒಣ ಕಾಲವೇ ಪ್ರಶಸ್ತ.

ಕ್ಯಾಟಲಿಸ್ಟನ್ನು ರೆಸಿನ್ನಿನ ತೂಕದ ಶೇಕಡಾ 1ರಿಂದ 2ರಷ್ಟು, ತೂಗಿಯೇ ಹಾಕಬೇಕು. ಕಣ್ಣಂದಾಜು ಸಲ್ಲದು. ಕ್ಯಾಟಲಿಸ್ಟ್ ಮತ್ತು ಕೋಬಾಲ್ಟ್ ಇವೆರಡನ್ನು ಎಂದಿಗೂ ನೇರವಾಗಿ ಬೆರೆಸಕೂಡದು. ಹಾಗೆ ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳುವ, ಸ್ಫೋಟಗೊಳ್ಳುವ ಅಪಾಯವಿದೆ. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿ, ಅನಂತರವೇ ಕ್ಯಾಟಲಿಸ್ಟ್ ಸೇರಿಸಬೇಕು. ಹಳೆಯ ಫೈಬರನ್ನು ಉಜ್ಜುವ ಕಾರ್ಮಿಕನಿಗೆ ಕರವಸ್ತ್ರ ಸಾಲದು, ತಕ್ಕ ಮಾಸ್ಕ್, ಕನ್ನಡಕ ಮತ್ತು ಕೈಗವಸು ಒದಗಿಸಬೇಕು. ಈ ವೆಚ್ಚವು ಅಂದಾಜುಪಟ್ಟಿಯ ಮೊದಲ ಸಾಲಿನಲ್ಲಿರಬೇಕು.

ಬಣ್ಣದ ಹಿಂದಿನ ಅಪಾಯ

2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಅಸುನೀಗಿದರು. ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿ ಪ್ರವಾಸಿಗರನ್ನು ಸಾಗಿಸಲು ಬಳಸಲಾಗಿತ್ತೆಂಬ ಸಂಗತಿ ಅನಂತರ ಬೆಳಕಿಗೆ ಬಂದಿತು. ಅದಕ್ಕೂ ಮುನ್ನ 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿದಾಗ ಪ್ರಾಣ ಕಳೆದುಕೊಂಡವರಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯವರು ಹಲವರಿದ್ದರು. ಬಸ್ಸು ಕೆಟ್ಟರೆ ರಸ್ತೆಯ ಬದಿಗೆ ನಿಲ್ಲಿಸಬಹುದು. ನೀರಿನ ನಡುವೆ ಆ ಅವಕಾಶವಿಲ್ಲ.

1917ರ ಹಳೆಯ ಕಾನೂನಿನ ಸ್ಥಾನದಲ್ಲಿ ಬಂದಿರುವ 2021ರ ಒಳನಾಡು ನೌಕೆಗಳ ಅಧಿನಿಯಮದ ಪ್ರಕಾರ ಯಂತ್ರಚಾಲಿತ ದೋಣಿಗೆ ತಪಾಸಣಾ ಪ್ರಮಾಣಪತ್ರ, ನೋಂದಣಿ ಮತ್ತು ವಿಮೆ ಅವಶ್ಯಕ. ಆದ್ದರಿಂದ ಆಸನ ಹೆಚ್ಚಿಸುವ, ಮೇಲಂತಸ್ತು ಕಟ್ಟುವ, ಹೆಚ್ಚಿನ ಶಕ್ತಿಯ ಎಂಜಿನ್ ಕೂಡಿಸುವ ಯೋಚನೆಯಿದ್ದರೆ ಕೆಲಸ ಆರಂಭಿಸುವ ಮೊದಲೇ ಸಂಬಂಧಿಸಿದ ಪ್ರಾಧಿಕಾರವನ್ನು ವಿಚಾರಿಸಬೇಕು. ಮುಗಿದ ಮೇಲೆ ವಿಚಾರಿಸಿದರೆ ಹಾಕಿದ ಹಣ ನೀರಿನಲ್ಲಿ ಹೋಮವಾದೀತು. ಜೀವರಕ್ಷಕ ಜಾಕೆಟ್ಟುಗಳ ಬೆಲೆಯನ್ನು ಬಜೆಟ್ಟಿನಿಂದ ಕಡಿತಗೊಳಿಸುವ ಮಾತಂತೂ ಬರಲೇಕೂಡದು.

ನಾವು ಮಾಡಬೇಕಾದುದು

ನೀರಿನ ಟ್ಯಾಂಕು, ಛಾವಣಿಯ ತಗಡು, ವಾಹನಗಳ ಬಿಡಿಭಾಗ ಇವುಗಳನ್ನು ತಯಾರಿಸುವ ಫೈಬರ್ ಘಟಕಕ್ಕೆ ಮ್ಯಾಟು, ರೆಸಿನ್, ಅಚ್ಚು ಇವು ಹೊಸವಲ್ಲ. ದೋಣಿಯ ಕೆಲಸಕ್ಕೆ ಬೇಕಾದ ಕೈಚಳಕದ ಬಹುಭಾಗ ಆ ಕಾರ್ಮಿಕರಲ್ಲಿ ಈಗಾಗಲೇ ಇದೆ. ಅದರ ಜೊತೆಗೆ ಕರಾರುವಾಕ್ಕಾದ ಬರವಣಿಗೆಯೂ ಬೇಕು. ಈ ನಿಟ್ಟಿನಲ್ಲಿ ಮೂರು ಸಲಹೆಗಳನ್ನು ಸದಸ್ಯರ ಮುಂದಿಡಬಯಸುತ್ತೇನೆ.

ಮೊದಲನೆಯದಾಗಿ, ದುರಸ್ತಿಯ ಅಂದಾಜನ್ನು ಎರಡು ಹಂತದಲ್ಲಿ ಕೊಡಬೇಕು. ಬಿಚ್ಚಿ ನೋಡುವ ಕೆಲಸಕ್ಕೆ ಒಂದು ನಿಶ್ಚಿತ ದರ, ಬಿಚ್ಚಿದ ಮೇಲೆ ಕಂಡ ದೋಷಗಳಿಗೆ ಪ್ರತ್ಯೇಕ ದರ. ಬಿಚ್ಚದೆಯೇ ಒಟ್ಟು ಮೊತ್ತ ಹೇಳಿದವನು ಒಂದೋ ತಾನು ನಷ್ಟಕ್ಕೊಳಗಾಗುತ್ತಾನೆ, ಇಲ್ಲವೆ ಕೊಳೆತ ಹಲಗೆಯನ್ನು ಮುಚ್ಚಿಬಿಡುತ್ತಾನೆ. ಗಿರಾಕಿಯೂ ಒಟ್ಟು ಅಂದಾಜಿನ ನಾಲ್ಕನೆಯ ಒಂದು ಭಾಗವನ್ನು ಅನಿರೀಕ್ಷಿತ ವೆಚ್ಚಕ್ಕೆಂದು ತೆಗೆದಿಡುವುದು ಲೇಸು.

ಎರಡನೆಯದಾಗಿ, ಬಳಸಿದ ರೆಸಿನ್, ಮ್ಯಾಟಿನ ಪದರಗಳು, ಪ್ಲೈವುಡ್ಡಿನ ದರ್ಜೆ, ಮುಚ್ಚುವ ಮುನ್ನ ತೆಗೆದ ಭಾವಚಿತ್ರಗಳು ಇವುಗಳನ್ನೊಳಗೊಂಡ ದಾಖಲೆಯನ್ನು ದೋಣಿಯೊಂದಿಗೆ ಹಸ್ತಾಂತರಿಸಬೇಕು. ಒಳಗಿನ ಕೆಲಸ ಹೊರಗೆ ಕಾಣದ ಈ ವ್ಯವಹಾರದಲ್ಲಿ ದಾಖಲೆಯೇ ನಂಬಿಕೆಗೆ ಆಧಾರ.

ಮೂರನೆಯದಾಗಿ, ದೋಣಿಗಳ ದುರಸ್ತಿಗೆ ಟೆಂಡರ್ ಕರೆಯುವ ಸಂಸ್ಥೆಗಳು ಕನಿಷ್ಠ ದರವೊಂದನ್ನೇ ನೋಡದೆ, ಸಾಮಗ್ರಿಯ ದರ್ಜೆ ಮತ್ತು ಮುಚ್ಚುವ ಮುನ್ನ ತಪಾಸಣೆಯ ಷರತ್ತನ್ನು ಕಡ್ಡಾಯಗೊಳಿಸಬೇಕೆಂದು ವಾಣಿಜ್ಯೋದ್ಯಮ ಸಂಸ್ಥೆಗಳು ಒತ್ತಾಯಿಸಬೇಕು. ಕೇವಲ ಕಡಿಮೆ ದರಕ್ಕೆ ಮನ್ನಣೆ ದೊರೆತರೆ ಪ್ರಾಮಾಣಿಕವಾಗಿ ಹಲಗೆ ಬದಲಿಸುವ ಉದ್ದಿಮೆದಾರನು ಪುಟ್ಟಿ ಮೆತ್ತುವವನ ಮುಂದೆ ಸೋಲುವುದು ಖಂಡಿತ.

ನಮ್ಮ ಭಾಗದ ಉದ್ದಿಮೆದಾರರು ಹಳೆಯ ಲಾರಿ, ಪಂಪ್‌ಸೆಟ್, ಲೇಥ್ ಯಂತ್ರಗಳಿಗೆ ಮರುಜೀವ ಕೊಟ್ಟು ಬದುಕು ಕಟ್ಟಿಕೊಂಡವರು. ಆ ಸಾಲಿಗೆ ದೋಣಿಯೂ ಸೇರಲಿ. ಆದರೆ ನಮ್ಮ ಶೆಡ್ಡಿನಿಂದ ಹೊರಟ ದೋಣಿಯಲ್ಲಿ ನಮ್ಮ ಮನೆಯ ಮಕ್ಕಳನ್ನು ಕೂರಿಸಲು ನಾವು ಹಿಂಜರಿಯುವಂತಿದ್ದರೆ ಅದನ್ನು ಗಿರಾಕಿಗೆ ಒಪ್ಪಿಸುವ ಹಕ್ಕು ನಮಗಿಲ್ಲವೆಂಬುದನ್ನು ಈ ಕಾಯಕಕ್ಕೆ ಇಳಿಯುವ ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು.