ಹುಲಿಕಲ್ಲಿನಲ್ಲಿ ಮೋಡಕ್ಕೇನು ಬರ?

"ಈಗೆಲ್ಲ ಕ್ಲೌಡ್ ಇದೆ ಮಾರಾಯ, ಆ ಹಳೇ ಹಾರ್ಡ್‌ಡಿಸ್ಕ್ ಗುಜರಿಗೆ ಹಾಕು." ಲ್ಯಾಪ್‌ಟಾಪಿಗೆ ಹೊಸ ಎಸ್‌ಎಸ್‌ಡಿ ಹಾಕಿಸಿದವರಿಗೆಲ್ಲ ಬೆಂಗಳೂರಿನಲ್ಲಿ ಸಿಗುವ ಬಿಟ್ಟಿ ಉಪದೇಶ ಇದು. ನನ್ನ ಜೊತೆ ಕೆಲಸ ಮಾಡುವ ಇಂಜಿನಿಯರುಗಳೇ ಹೀಗಂದಾಗ ಮೈ ಉರಿಯುತ್ತೆ. ಇವರೊಮ್ಮೆ ಜುಲೈನಲ್ಲಿ ಹುಲಿಕಲ್ಲಿಗೆ ಬರಲಿ. ಮೋಡಕ್ಕೇನೂ ಬರ ಇಲ್ಲ, ಅಂಗಳಕ್ಕೇ ಇಳಿದಿರುತ್ತೆ. ಸಿಗ್ನಲ್ ಮಾತ್ರ ಹುಡುಕಬೇಕು :-)

ಹೊಸನಗರ ತಾಲೂಕಿನ ಈ ಘಟ್ಟದ ಅಂಚಿನ ಊರು ಮಳೆಯಲ್ಲಿ ಎಷ್ಟೋ ವರ್ಷ ಆಗುಂಬೆಯನ್ನೇ ಹಿಂದೆ ಹಾಕಿದೆ. ಹತ್ತಿರದಲ್ಲೇ ಮಾಣಿ ಅಣೆಕಟ್ಟು, ವಾರಾಹಿ ನೀರಲ್ಲಿ ಕರೆಂಟು ಮಾಡುತ್ತಾರೆ. ಆದರೆ ಲೈನಿನ ಮೇಲೆ ಒಂದು ಮರ ಬಿತ್ತು ಅಂದರೆ ಊರಿಗೆ ಕತ್ತಲೆ. ಇಲ್ಲಿ ಕೂತು ಮನೆಯವರ ಫೋಟೋ, ಮದುವೆ ವಿಡಿಯೋ ಅಂತ 200 ಜಿಬಿ ಕ್ಲೌಡಿಗೆ ಏರಿಸಿ ನೋಡೋಣ. ಅಪ್‌ಲೋಡ್ 2 ಎಂಬಿಪಿಎಸ್ ಒಂದು ಕ್ಷಣವೂ ನಿಲ್ಲದೆ ಸಿಕ್ಕರೂ ಒಂಬತ್ತು ದಿನ! ಅದೇ ಹಳೇ ಡಿಸ್ಕನ್ನು ಯುಎಸ್‌ಬಿ 3 ಕೇಸಿಗೆ ಹಾಕಿದರೆ ಸುಮಾರು ಒಂದು ಗಂಟೆಯ ಕೆಲಸ.

ಕ್ಲೌಡ್ ಶಾಶ್ವತ ಅಂತ ಯಾರು ಹೇಳಿದ್ದು? ಜಿಯೋಸಿಟೀಸ್ 2009ರಲ್ಲಿ ಹೋಯ್ತು, ಆರ್ಕುಟ್ 2014ರಲ್ಲಿ. ಗೂಗಲ್ ಫೋಟೋಸ್‌ನ ಲೆಕ್ಕವಿಲ್ಲದ ಬಿಟ್ಟಿ ಜಾಗ 2021ರ ಜೂನ್ 1ಕ್ಕೆ ನಿಂತಿತು. ಬಿಟ್ಟಿ ಜಾಗದಲ್ಲೇ ಬರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಕನ್ನಡದವರಿಗೆ ಇನ್ನೊಂದು ತಾಪತ್ರಯ ಇದೆ, ನನಗೆ ಇದೇ ಮುಖ್ಯ. ಹಳೇ ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿಟ್ಟ ಕಥೆ, ಲೇಖನ, ಸಂಘದ ಸ್ಮರಣ ಸಂಚಿಕೆಗಳ ಎಷ್ಟೋ ಕಡತ ಯೂನಿಕೋಡ್ ಅಲ್ಲ. ಸರಿಯಾದ ಫಾಂಟ್ ಇಲ್ಲದೆ ತೆರೆದರೆ ಬರೀ ಚಿತ್ರವಿಚಿತ್ರ ರೋಮನ್ ಅಕ್ಷರ. ಆ ಫಾಂಟೂ ಬಹಳ ಸಲ ಅದೇ ಡಿಸ್ಕಿನಲ್ಲೇ ಇರುತ್ತೆ. ಡಿಸ್ಕ್ ಗುಜರಿಗೆ ಹೋದರೆ ಕಡತದ ಜೊತೆ ಅದನ್ನು ಓದುವ ದಾರಿಯೂ ಹೋದಂತೆ.

ಹಾಗಂತ ಇರೋ ಒಂದೇ ಪ್ರತಿಯನ್ನು ಹಳೇ ಡಿಸ್ಕಿನಲ್ಲಿ ಇಡಿ ಅಂತಲ್ಲ. ಅದು ಎರಡನೆಯದೋ ಮೂರನೆಯದೋ ಪ್ರತಿ, ಅಷ್ಟೇ. ಬಿಚ್ಚುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಆರೋಗ್ಯ ನೋಡಿ. ಕೆಟ್ಟ ಸೆಕ್ಟರುಗಳ ಲೆಕ್ಕ ಏರುತ್ತಿದ್ದರೆ ಇದ್ದದ್ದನ್ನು ಬೇಗ ನಕಲು ಮಾಡಿಕೊಂಡು ಆಸೆ ಬಿಡಿ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ತೀರಾ ಹಳೇ ಐಡಿಇ ಡಿಸ್ಕಾದರೆ ಸಾಟಾ ಕೇಸು ಆಗಲ್ಲ, ಬೇರೆ ಅಡಾಪ್ಟರ್ ಬೇಕು. ಮಲೆನಾಡಿಗೆ ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕೇ ವಾಸಿ. ಯುಎಸ್‌ಬಿಯ 5 ವೋಲ್ಟಿನಲ್ಲೇ ಓಡುತ್ತೆ, ಕರೆಂಟು ಹೋದರೂ ಲ್ಯಾಪ್‌ಟಾಪ್ ಬ್ಯಾಟರಿ ಸಾಕು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನದಕ್ಕೆ 12 ವೋಲ್ಟೂ ಬೇಕು, ಬೇರೆ ಅಡಾಪ್ಟರ್ ಗೋಡೆಗೆ ಸಿಕ್ಕಿಸಲೇಬೇಕು. ಗುಡುಗಿದರೆ ಮೊದಲು ಅದನ್ನು ಕೀಳಿ. ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು, ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.

ಇಷ್ಟರ ಮೇಲೂ ಗುಜರಿಗೇ ಹಾಕುತ್ತೇನೆ ಅನ್ನುವವರು ಒಂದು ತಿಳಿದಿರಲಿ: ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅಳಿಯೋದು ಪರಿವಿಡಿ ಮಾತ್ರ. ನಿಮ್ಮ ಪ್ಯಾನ್ ಕಾರ್ಡು, ಮನೆಯವರ ಫೋಟೋ ಎಲ್ಲ ಒಳಗೇ ಇರುತ್ತೆ, ಬಿಟ್ಟಿ ತಂತ್ರಾಂಶ ಹಾಕಿ ಯಾರು ಬೇಕಾದರೂ ತೆಗೆಯಬಹುದು. ಇಡೀ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆ ಬರೆಸಿ, ಆಮೇಲೆ ಕೊಡಿ.